ತಾರಸಿಯ ಮೇಲೊಂದು ಮಾಡು

ಮಾಡಿನ ಮೇಲೆ ಇನ್ನೊಂದು ಮಾಡು ಹಾಕಿಕೊಳ್ಳುವ ಊರು ನಮ್ಮದು. ಮಡಿಕೇರಿಯಿಂದ ಘಾಟಿ ಇಳಿದು ಜೋಡುಪಾಲ, ಕೊಯನಾಡು, ಸಂಪಾಜೆ ಗೇಟು ದಾಟಿ ಕಲ್ಲುಗುಂಡಿಗೆ ಬರುವಾಗ ಬಸ್ಸಿನ ಕಿಟಕಿಯಿಂದ ನೋಡಿ. ರಸ್ತೆಯ ಎರಡೂ ಬದಿಗೆ ಕಾಂಕ್ರೀಟು ತಾರಸಿಯ ಮನೆಗಳು. ಹೆಚ್ಚಿನವುಗಳ ತಾರಸಿಯ ಮೇಲೆ ಕಬ್ಬಿಣದ ಕಂಬಗಳು, ಕಂಬಗಳ ಮೇಲೆ ಇಳಿಜಾರಾಗಿ ಹೊದೆಸಿದ ನೀಲಿ, ಕೆಂಪು, ಹಸಿರು ಶೀಟು. ಸಿಮೆಂಟು, ಸರಳು, ಜಲ್ಲಿಗೆಂದು ಲಕ್ಷಗಟ್ಟಲೆ ಸುರಿದು ಒಂದು ಮಾಡು. ಅದು ಸೋರದಂತೆ ಮತ್ತೆ ದುಡ್ಡು ಹಾಕಿ ಅದರ ಮೇಲೆ ಇನ್ನೊಂದು. ಬೆಂಗಳೂರಿನಿಂದ ಬಂದಿದ್ದ ಗೆಳೆಯನೊಬ್ಬ ಇದನ್ನು ನೋಡಿ, "ನಿಮ್ಮೂರಿನ ಮನೆಗಳೆಲ್ಲ ಕೊಡೆ ಹಿಡಿದುಕೊಂಡು ನಿಂತಿವೆಯಲ್ಲ ಮಾರಾಯ" ಎಂದು ನಕ್ಕ. ವಾಸ್ತುಶಿಲ್ಪ ಓದಿದವನು. ಇಷ್ಟು ಕುರೂಪದ ಕಟ್ಟಡಗಳನ್ನು ಎಲ್ಲಿಯೂ ನೋಡಿಲ್ಲ ಎಂದೂ ಸೇರಿಸಿದ.

ಕುರೂಪ ಇರಬಹುದು. ಆದರೆ ಆ ಶೀಟಿನ ಮಾಡಿನಷ್ಟು ಪ್ರಾಮಾಣಿಕವಾದ ಕಟ್ಟಡ ನಮ್ಮ ಸುಳ್ಯ ತಾಲೂಕಿನಲ್ಲಿ ಬೇರೆ ಇದೆಯೆಂದು ನನಗೆ ಅನಿಸುವುದಿಲ್ಲ. ಅದಕ್ಕೆ ಯಾವ ಆರ್ಕಿಟೆಕ್ಟೂ ನಕ್ಷೆ ಬರೆಯಲಿಲ್ಲ, ಯಾವ ಸರ್ಕಾರವೂ ಸಬ್ಸಿಡಿ ಕೊಡಲಿಲ್ಲ. ಜನ ತಾವೇ ಸೋತು, ತಾವೇ ಯೋಚಿಸಿ, ಊರಿನ ವೆಲ್ಡಿಂಗ್ ಅಂಗಡಿಯವನನ್ನು ಕರೆದು ಮಾಡಿಸಿಕೊಂಡದ್ದು. ಹತ್ತಿಪ್ಪತ್ತು ಮಳೆಗಾಲ ತಾರಸಿಯ ಕೆಳಗೆ ಬಕೆಟ್ ಇಟ್ಟು ಕಳೆದವರು ಕೊನೆಗೆ ಕಂಡುಕೊಂಡದ್ದು ಅಜ್ಜನ ಕಾಲದ ಇಳಿಜಾರನ್ನೇ. ನಗುವುದಾದರೆ ಆ ಶೀಟನ್ನು ನೋಡಿ ನಗಬಾರದು. ಅದರ ಕೆಳಗಿರುವ ಸಪಾಟು ಚಪ್ಪಡಿ ನಮ್ಮೂರಿಗೆ ಯಾಕೆ ಬಂತು, ಯಾರು ತಂದರು, ಅದನ್ನು 'ಪಕ್ಕಾ' ಎಂದು ಕರೆದವರು ಯಾರು ಎಂದು ಕೇಳಬೇಕು.

ಮೊದಲು ಮಳೆಯ ಲೆಕ್ಕ ಹೇಳಿಬಿಡುತ್ತೇನೆ. ಘಾಟಿಯ ಬುಡದ ಈ ಭಾಗಕ್ಕೆ ವರ್ಷಕ್ಕೆ ಬೀಳುವ ಮಳೆ ನಾಲ್ಕು ಸಾವಿರ ಮಿಲಿಮೀಟರಿನ ಆಸುಪಾಸು. ಬೆಂಗಳೂರಿಗೆ ಸಾವಿರಕ್ಕೂ ತುಸು ಕಡಿಮೆ. ಸಾವಿರ ಚದರಡಿಯ ಒಂದು ಸಣ್ಣ ಮನೆಯ ತಲೆಯ ಮೇಲೆ ನಮ್ಮಲ್ಲಿ ಒಂದು ವರ್ಷಕ್ಕೆ ಬೀಳುವ ನೀರು ಮೂರು ಲಕ್ಷದ ಎಪ್ಪತ್ತು ಸಾವಿರ ಲೀಟರಿನಷ್ಟಾಗುತ್ತದೆ. ಅದರಲ್ಲಿ ಬಹುಪಾಲು ಬೀಳುವುದು ಜೂನಿನಿಂದ ಸೆಪ್ಟೆಂಬರಿನ ಒಳಗೆ. ಇಷ್ಟು ನೀರನ್ನು ಬೀಳುತ್ತಿದ್ದ ಹಾಗೆ ಕೆಳಗೆ ಕಳಿಸುವುದು ಮಾಡಿನ ಮೊದಲ ಕೆಲಸ. ತಾರಸಿ ಮಾಡುವುದು ಅದರ ಉಲ್ಟಾ. ಅದು ನೀರನ್ನು ಕೂರಿಸಿಕೊಳ್ಳುತ್ತದೆ, ಎರಡು ಮೂಲೆಯ ಪೈಪುಗಳಿಗೆ ಹೋಗು ಎಂದು ದಾರಿ ತೋರಿಸುತ್ತದೆ. ಆ ಪೈಪಿನ ಬಾಯಿಗೆ ಹಲಸಿನ ಎಲೆಯೊಂದು ಅಡ್ಡ ಕೂತರೆ ಮುಗಿಯಿತು. ನಮ್ಮ ಮೇಸ್ತ್ರಿಯೊಬ್ಬರು ಇದನ್ನು ನನಗಿಂತ ಚೆನ್ನಾಗಿ ಹೇಳಿದ್ದರು: "ಮಾಷ್ಟ್ರೇ, ತಾರಸಿ ಸೋರುವುದಲ್ಲ. ಅದು ಕುಡಿಯುವುದು. ಕುಡಿದು ಕುಡಿದು ಆಗಸ್ಟಿಗೆ ಕಕ್ಕುವುದು." ಕುಡಿದ ನೀರು ಒಳಗಿನ ಸರಳನ್ನು ಮುಟ್ಟುತ್ತದೆ. ಸರಳು ತುಕ್ಕು ಹಿಡಿದು ಉಬ್ಬುತ್ತದೆ, ಉಬ್ಬಿದ ಸರಳು ಕೆಳಗಿನ ಸಿಮೆಂಟನ್ನು ಚಕ್ಕೆ ಚಕ್ಕೆಯಾಗಿ ಉದುರಿಸುತ್ತದೆ. ಮಲಗಿದ್ದವರ ಮೇಲೆ ಚಕ್ಕೆ ಬಿದ್ದ ಮನೆಗಳು ನನಗೆ ಗೊತ್ತಿವೆ. ಇಡೀ ಮಾಡನ್ನೇ ಬದಲಿಸುವಷ್ಟು ಹಣ ಯಾರ ಹತ್ತಿರವೂ ಇಲ್ಲ. ಹಾಗಾಗಿ ಶೀಟು.

ಇಷ್ಟಾದರೂ ಹಂಚಿನ ಮನೆಗಳನ್ನು ಕೆಡವಿ ತಾರಸಿ ಹಾಕಿಕೊಂಡ ನಮ್ಮ ಜನರನ್ನು ದಡ್ಡರೆಂದು ಕರೆಯಲು ನಾನು ತಯಾರಿಲ್ಲ. ಪರಂಪರೆಯ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಇಲ್ಲಿಯೇ ಎಡವುತ್ತಾರೆ. ನಗರದ ಫ್ಲ್ಯಾಟಿನಲ್ಲಿ ಕೂತು, "ಅಯ್ಯೋ, ಆ ತಂಪಾದ ಹಂಚಿನ ಮನೆಗಳೆಲ್ಲ ಹೋದುವಲ್ಲ" ಎಂದು ಮರುಗುವವರಿಗೆ ಆ ಮನೆಯ ಮಾಡಿಗೆ ವರ್ಷವರ್ಷ ಹತ್ತುತ್ತಿದ್ದವರು ಯಾರು ಎಂಬುದು ನೆನಪಿರುವುದಿಲ್ಲ. ಮೇ ತಿಂಗಳ ಕೊನೆಗೆ ಹಂಚು ತೆಗೆದು, ಒಡೆದದ್ದನ್ನು ಬದಲಿಸಿ, ಪಾಚಿ ಉಜ್ಜಿ, ಗೆದ್ದಲು ತಿಂದ ರೀಪು ಬದಲಿಸಿ ಮತ್ತೆ ಹೊದೆಸಬೇಕು. ಆ ಕೆಲಸಕ್ಕೆ ಈಗ ಜನ ಸಿಗುವುದಿಲ್ಲ, ಸಿಗಬೇಕಾಗಿಯೂ ಇಲ್ಲ. ಕಡಿಮೆ ಕೂಲಿಗೆ ಪಾಚಿಯ ಮೇಲೆ ಜಾರುತ್ತಾ ಕೆಲಸ ಮಾಡಿ ಎಂದು ಯಾರಿಗೂ ಹೇಳುವ ಹಕ್ಕು ನಮಗಿಲ್ಲ. ಇನ್ನು ಮಂಗಗಳು. ಕಾಡಿನ ಅಂಚಿನ ನಮ್ಮ ಮನೆಗಳ ಹಂಚಿನ ಮೇಲೆ ಒಂದು ಹಿಂಡು ಮಂಗ ಓಡಿಹೋದರೆ ಮಳೆಗಾಲದ ನಡುವೆ ಹತ್ತಾರು ಕಡೆ ಆಕಾಶ ಕಾಣುತ್ತದೆ. ಮರದ ಪಕ್ಕಾಸಿಗೆ ಬೇಕಾದ ಮರದ ಬೆಲೆ ಕೇಳಿದವರು ಹಂಚಿನ ಮಾತು ಬಿಟ್ಟುಬಿಡುತ್ತಾರೆ. ಎಲ್ಲದಕ್ಕಿಂತ ದೊಡ್ಡ ಕಾರಣ ಅಡಿಕೆ. ಚಾಲಿ ಅಡಿಕೆ ಒಣಗಲು ನಲವತ್ತು ದಿನಕ್ಕೂ ಮೇಲೆ ಚೆನ್ನಾದ ಬಿಸಿಲು ಬೇಕು. ಮೊದಲು ಸಗಣಿ ಸಾರಿಸಿದ ಅಂಗಳದಲ್ಲಿ ಹರವುತ್ತಿದ್ದೆವು. ಈಗ ಮಳೆ ದೀಪಾವಳಿಗೆ ನಿಲ್ಲುವುದಿಲ್ಲ, ಡಿಸೆಂಬರಿನಲ್ಲೂ ಒಂದು ದಿನ ಬಂದು ಇಡೀ ಅಂಗಳವನ್ನು ಮಣ್ಣುಪಾಲು ಮಾಡಿ ಹೋಗುತ್ತದೆ. ತಾರಸಿಯ ಮೇಲೆ ಹರವಿದ ಅಡಿಕೆಗೆ ದನ, ನಾಯಿ, ಮಣ್ಣಿನ ಕಾಟವಿಲ್ಲ. ಮೇಲೆ ಪಾರದರ್ಶಕ ಶೀಟು ಹಾಕಿದರೆ ಮಳೆಯ ಭಯವೂ ಇಲ್ಲ. ಗೆಳೆಯ ನಕ್ಕ ಆ ಕೊಡೆಗಳಲ್ಲಿ ಎಷ್ಟೋ ಅಡಿಕೆಯ ಕೊಡೆಗಳು.

ಹೇಳಲೇಬೇಕಾದ ಇನ್ನೊಂದು ಮಾತಿದೆ. ಹಳೆಯ ಮನೆಯ ನಕ್ಷೆಯಲ್ಲಿ ಗಾಳಿ ಬೆಳಕಿನ ಜೊತೆಗೆ ಜಾತಿಯೂ ಇತ್ತು. ಅಂಗಳದವರೆಗೆ ಯಾರು, ಜಗಲಿಯವರೆಗೆ ಯಾರು, ಚಾವಡಿಯಲ್ಲಿ ಕೂರುವವರು ಯಾರು, ನಡುಮನೆಗೆ ಕಾಲಿಡುವವರು ಯಾರು ಎಂಬುದೆಲ್ಲ ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿಟ್ಟ ವ್ಯವಸ್ಥೆ ಅದು. ಹೊಗೆ ತುಂಬಿದ ಅಡುಗೆಮನೆ, ಮುಟ್ಟಾದವರಿಗೆ ಹೊರಗಿನ ಮೂಲೆ, ರಾತ್ರಿ ಹೊತ್ತು ಮಳೆಯಲ್ಲಿ ಟಾರ್ಚು ಹಿಡಿದು ಹೋಗಬೇಕಾದ ದೂರದ ಕಕ್ಕಸು, ಇವೂ ಅದೇ ಮನೆಯವು. ನನ್ನ ಅಜ್ಜಿ ಕೆಮ್ಮುತ್ತಲೇ ಬದುಕಿದವಳು. ಮನೆಯೊಳಗೇ ಬಚ್ಚಲು, ಹೊಗೆಯಿಲ್ಲದ ಒಲೆ, ಮುಂಬಾಗಿಲಿನಿಂದಲೇ ಎಲ್ಲರೂ ಒಳಬರುವ ಒಂದು ಹಾಲ್: ತಾರಸಿ ಮನೆ ಇದನ್ನು ಕೊಟ್ಟಿತು, ಅದಕ್ಕೆ ಗೌರವ ಸಲ್ಲಲೇಬೇಕು. ಯಾರಾದರೂ ಪರಂಪರೆಯ ಹೆಸರಿನಲ್ಲಿ ಇಡೀ ಹಳೆಯ ಮನೆಯನ್ನು ವಾಪಸು ತರಬೇಕೆಂದರೆ ನಾನು ಬಾಗಿಲಲ್ಲೇ ಅಡ್ಡ ನಿಲ್ಲುತ್ತೇನೆ.

ಹಾಗಾದರೆ ಪರಂಪರೆಯಲ್ಲಿ ಉಳಿಸಿಕೊಳ್ಳಬೇಕಾದದ್ದು ಏನು? ಇದಕ್ಕೆ ಉತ್ತರ ಹುಡುಕಲು ಹಂಚಿನ ಕಥೆಯೇ ಸಾಕು. ನಾವು ನೂರಾರು ವರ್ಷದ್ದೆಂದು ಭಾವಿಸಿರುವ 'ಸಾಂಪ್ರದಾಯಿಕ' ಮಂಗಳೂರು ಹಂಚು ಒಂದು ಕಾರ್ಖಾನೆಯ ಸರಕು. 1865ರಲ್ಲಿ ಬಾಸೆಲ್ ಮಿಷನ್ನಿನ ಜರ್ಮನ್ ಮಿಷನರಿ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ನೇತ್ರಾವತಿ ದಡದ ಜೇಡಿಮಣ್ಣು, ಯುರೋಪಿನ ಯಂತ್ರ, ಒಂದಕ್ಕೊಂದು ಕೊಂಡಿ ಹಾಕಿಕೊಂಡು ಕೂರುವ ಅಚ್ಚು. ಅದಕ್ಕೂ ಮೊದಲು ಮುಳಿಹುಲ್ಲು, ಮಡಲು, ಸೋಗೆ, ಅನುಕೂಲಸ್ಥರಲ್ಲಿ ಕುಂಬಾರರ ಕೈಹಂಚು. ಒಳನಾಡಿನ ನಮ್ಮಂಥ ಊರುಗಳಲ್ಲಿ ನನ್ನ ತಂದೆಯ ಬಾಲ್ಯದವರೆಗೂ ಎಷ್ಟೋ ಮನೆಗಳು ಹುಲ್ಲಿನವೇ. ಹಂಚು ಬಂದಾಗ ಅದೂ ಪರದೇಶಿಯೇ, ಅದೂ ಆಧುನಿಕವೇ. ಆದರೆ ಅದು ಬಂದು ಕೂತದ್ದು ಮುಳಿಹುಲ್ಲಿನ ಮಾಡು ಆಗಲೇ ಕಲಿಸಿಟ್ಟಿದ್ದ ಇಳಿಜಾರಿನ ಮೇಲೆ, ಅದೇ ಉದ್ದ ಸೂರಿನ ಕೆಳಗೆ. ಹೊದಿಕೆ ಬದಲಾಯಿತು, ಮಾಡು, ಸೂರು, ಜಗಲಿ, ಸೂರಿನ ನೀರು ಬೀಳುವ ಕಣಿ, ಕಣಿಯಿಂದ ತೋಡಿಗೆ ಹೋಗುವ ದಾರಿ, ಇವು ಬದಲಾಗಲಿಲ್ಲ. ನಾನು ಪರಂಪರೆ ಎಂದು ಕರೆಯುವುದು ಈ ಬದಲಾಗದ ಭಾಗವನ್ನು. ಹಂಚು ಇರಲಿ, ಶೀಟು ಇರಲಿ, ನಾಳೆ ಬರುವ ಇನ್ನೇನೋ ಇರಲಿ, ನೀರಿನ ಜೊತೆಗಿನ ಆ ಒಪ್ಪಂದ ಮುರಿಯದಿದ್ದರೆ ಸಾಕು.

ಒಪ್ಪಂದವನ್ನು ಮುರಿದು ವೇಷವನ್ನು ಮಾತ್ರ ಉಳಿಸಿಕೊಳ್ಳುವ ಹೊಸ ಚಾಳಿ ಶುರುವಾಗಿದೆ. ಕಾಂಕ್ರೀಟಿನ ಇಳಿಜಾರು ಚಪ್ಪಡಿ ಹಾಕಿ ಅದರ ಮೇಲೆ ಹಂಚು ಅಂಟಿಸುವುದು. ದೂರದಿಂದ ಹಂಚಿನ ಮನೆ. ಹಂಚುಗಳ ಸಂದಿನಿಂದ ಬಿಸಿಗಾಳಿ ಹೊರಗೆ ಹೋಗುತ್ತಿದ್ದದ್ದೇ ಆ ಮಾಡಿನ ತಂಪಿಗೆ ಕಾರಣ. ಇಲ್ಲಿ ಸಂದೂ ಇಲ್ಲ, ಗಾಳಿಯೂ ಇಲ್ಲ. ನೀರು ಇಳಿಯುತ್ತದೆ ಎಂಬಷ್ಟಕ್ಕೆ ಇದು ತಾರಸಿಗಿಂತ ವಾಸಿ, ಆದರೆ ಖರ್ಚು ಎರಡರದ್ದೂ ಸೇರಿ. ಘಾಟಿಯ ಮೇಲಿನ ರೆಸಾರ್ಟುಗಳದ್ದು ಇನ್ನೊಂದು ಬಗೆ. ಯಾರದೋ ಮನೆ ಬಿಚ್ಚಿದಾಗ ಸಿಕ್ಕ ಹಲಸಿನ ಮರದ ಕಂಬ, ಕೆತ್ತನೆಯ ದಾರಂದ ತಂದು ಸ್ವಾಗತ ಕೊಠಡಿಯಲ್ಲಿ ನಿಲ್ಲಿಸುತ್ತಾರೆ. ಅದರ ಹಿಂದೆ ಗಾಜಿನ ಗೋಡೆ, ಗಾಜಿನ ಹಿಂದೆ ಏಸಿ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಹಸ್ತಶಿಲ್ಪ ಗ್ರಾಮದಲ್ಲಿ ಹಳೆಯ ಮನೆಗಳನ್ನು ಕಂಬ ಕಂಬವಾಗಿ ಬಿಚ್ಚಿ ತಂದು ಮತ್ತೆ ನಿಲ್ಲಿಸಿದ್ದು ಬೇರೆಯೇ ಮಾತು. ಅದು ಒಬ್ಬ ಮನುಷ್ಯನ ಇಡೀ ಆಯುಷ್ಯದ ದುಡಿಮೆ, ಅಲ್ಲಿ ಒಂದು ಮನೆ ಹೇಗೆ ಕೂಡಿಕೊಂಡಿತ್ತು ಎಂದು ಕಲಿಯಬಹುದು. ಆದರೂ ಅದು ಮ್ಯೂಸಿಯಮ್ಮು. ಅಲ್ಲಿ ಯಾರೂ ಅಡಿಕೆ ಒಣಗಿಸಬೇಕಿಲ್ಲ. ನಮ್ಮ ದೇವಸ್ಥಾನ, ದೈವಸ್ಥಾನಗಳ ಜೀರ್ಣೋದ್ಧಾರದ ಬಗ್ಗೆ ಬರೆಯತೊಡಗಿದರೆ ಅದೇ ಒಂದು ಲೇಖನವಾದೀತು. ಮುರಕಲ್ಲಿನ ಗೋಡೆ ಕೆಡವಿ, ನುಣುಪು ಮಾಡಿದ ಗ್ರಾನೈಟು ಹಾಸಿ, ಸುತ್ತುಪೌಳಿಗೆ ಕಾಂಕ್ರೀಟು ಹೊದೆಸಿ, ಒಳ್ಳೆಯ ಬ್ರಹ್ಮಕಲಶ ಮಾಡಿ ಮುಗಿಸುತ್ತೇವೆ. ಮಳೆಗಾಲದಲ್ಲಿ ಆ ಗ್ರಾನೈಟಿನ ಮೇಲೆ ಜಾರಿ ಬೀಳದ ಭಕ್ತರು ಕಡಿಮೆ.

ಸರ್ಕಾರಕ್ಕೆ ಬರೋಣ, ಏಕೆಂದರೆ 'ಪಕ್ಕಾ' ಎಂಬ ಶಬ್ದವನ್ನು ನಮ್ಮ ಬಾಯಿಗೆ ತುರುಕಿದ್ದು ಅದೇ. 2011ರ ಸಾಮಾಜಿಕ ಆರ್ಥಿಕ ಗಣತಿಯ ಪಟ್ಟಿಯಲ್ಲಿ ಹುಲ್ಲು, ಬಿದಿರು, ಪ್ಲಾಸ್ಟಿಕ್, ಕೈಹಂಚಿನ ಮಾಡೆಲ್ಲ ಕಚ್ಚಾ. ಯಂತ್ರದ ಹಂಚು, ತಗಡು, ಆಸ್ಬೆಸ್ಟಾಸ್, ಕಾಂಕ್ರೀಟು ಪಕ್ಕಾ. ಅಂದರೆ ಬೇಸಿಗೆಯಲ್ಲಿ ಒಲೆಯಂತಾಗುವ, ಮಳೆಗಾಲದಲ್ಲಿ ಮಾತೇ ಕೇಳಿಸದ ಬರಿಯ ತಗಡಿನ ಕೊಠಡಿ ಪಕ್ಕಾ, ಕುಂಬಾರರ ಹಂಚು ಹೊದೆಸಿದ ದಪ್ಪ ಮಣ್ಣುಗೋಡೆಯ ಮನೆ ಕಚ್ಚಾ. ಜೂನಿನಲ್ಲಿ ಶೀಟಿನ ಕೊಠಡಿಯಲ್ಲಿ ಪಾಠ ಮಾಡಿದವನು ನಾನು. ಮಳೆ ಶುರುವಾದೊಡನೆ ಪುಸ್ತಕ ಮುಚ್ಚಿ, ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ತೋರಿಸುವುದೊಂದೇ ದಾರಿ. ಮಾಡು ಯಾವ ವಸ್ತುವಿನದು ಎಂದು ಪಟ್ಟಿ ಕೇಳುತ್ತದೆ, ಅದರ ಕೆಳಗೆ ಬದುಕಬಹುದೇ ಎಂದು ಕೇಳುವುದಿಲ್ಲ.

ಪ್ರಧಾನಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ಮನೆಗೆ ಕನಿಷ್ಠ ಅಳತೆ 25 ಚದರ ಮೀಟರ್. ಸಹಾಯಧನ ಬಯಲು ಪ್ರದೇಶಕ್ಕೆ 1.20 ಲಕ್ಷ, ಗುಡ್ಡಗಾಡು ರಾಜ್ಯಗಳಿಗೆ 1.30 ಲಕ್ಷ. ಆ ರಾಜ್ಯಗಳ ಪಟ್ಟಿಯಲ್ಲಿ ಕರ್ನಾಟಕ ಇಲ್ಲ. ಘಾಟಿಯ ಬುಡದಲ್ಲಿ, ಹಿಂದೆ ಗುಡ್ಡೆ ಮುಂದೆ ಪಯಸ್ವಿನಿ ಇಟ್ಟುಕೊಂಡು ಕೂತ ಸಂಪಾಜೆ ಗ್ರಾಮ ಈ ಲೆಕ್ಕದಲ್ಲಿ ಬಯಲುಸೀಮೆ! ಹತ್ತು ಸಾವಿರ ರೂಪಾಯಿಯ ವ್ಯತ್ಯಾಸದಿಂದ ಯಾರ ಮನೆಯೂ ಉದ್ಧಾರವಾಗುವುದಿಲ್ಲ, ಅದು ನನಗೂ ಗೊತ್ತು. ಆದರೆ ನೆಲ ಚಪ್ಪಟೆಯಾಗಿದೆ ಎಂದು ಮೊದಲೇ ತೀರ್ಮಾನಿಸಿಕೊಂಡ ಮನಸ್ಸು ಅದರಲ್ಲಿ ಕಾಣುತ್ತದೆ. ಮಾಡಿನ ತಪ್ಪಿಗೆ ಶೀಟು ಹಾಕಿ ಸರಿಮಾಡಿಕೊಳ್ಳಬಹುದು. ನೆಲದ ತಪ್ಪಿಗೆ ಹಾಗೆ ಮೇಲಿನಿಂದ ಹೊದೆಸುವ ಪರಿಹಾರವಿಲ್ಲ.

ನಮ್ಮ ಕಡೆಯ ಪತ್ರಿಕೆಗಳನ್ನು ಮಳೆಗಾಲದಲ್ಲಿ ಓದುವವರಿಗೆ ಒಂದು ವಾಕ್ಯ ಬಾಯಿಪಾಠವಾಗಿರುತ್ತದೆ: ಮನೆ ಹಿಂಬದಿಯ ಬರೆ ಕುಸಿದು ಹಾನಿ. ಬರೆ ಎಂದರೆ ಗುಡ್ಡೆಯನ್ನು ಕಡಿದಾಗ ಉಳಿಯುವ ನೆಟ್ಟನೆಯ ಮಣ್ಣಿನ ಗೋಡೆ. ನನ್ನ ಅಜ್ಜನ ಕಾಲದಲ್ಲಿ ಮನೆಯ ತಟ್ಟನ್ನು ಗುದ್ದಲಿ, ಪಿಕ್ಕಾಸಿನಲ್ಲಿ ಕಡಿಯುತ್ತಿದ್ದರು. ಮನುಷ್ಯರ ತೋಳಿಗೆ ಒಂದು ಮಿತಿ ಇದೆಯಲ್ಲ, ಆ ಮಿತಿಯೇ ಗುಡ್ಡೆಯನ್ನು ಕಾಪಾಡುತ್ತಿತ್ತು. ಹಾಗಾಗಿ ಮನೆ ಅಡ್ಡಲಾಗಿ ಉದ್ದಕ್ಕೆ ಇರುತ್ತಿತ್ತು, ಅಗಲ ಕಡಿಮೆ. ಹಟ್ಟಿ ಒಂದು ತಟ್ಟು ಕೆಳಗೆ, ಅಂಗಳ ಮತ್ತೊಂದು ತಟ್ಟಿನಲ್ಲಿ. ಬರೆಗೂ ಗೋಡೆಗೂ ನಡುವೆ ಕಣಿ ಇರುತ್ತಿತ್ತು, ಮಳೆ ಹಿಡಿಯುವ ಮೊದಲು ಅದನ್ನು ಬಿಡಿಸುವುದು ವರ್ಷದ ಮೊದಲ ಕೆಲಸ. ಈಗ ಜೇಸೀಬಿ ಒಂದು ದಿನದಲ್ಲಿ ಇಪ್ಪತ್ತು ಅಡಿ ಬರೆ ಎಬ್ಬಿಸಿ ಕೊಡುತ್ತದೆ. ಯಾಕೆ ಅಷ್ಟು ಬೇಕು? ಏಕೆಂದರೆ ಪ್ಲ್ಯಾನು ಬಂದಿರುವುದು ಬೆಂಗಳೂರಿನ 30-40 ಸೈಟಿನಿಂದ. ಆ ನಕ್ಷೆ ಚೌಕಾಕಾರದ ಚಪ್ಪಟೆ ನೆಲವನ್ನು ಕೇಳುತ್ತದೆ, ಕಾರು ನಿಲ್ಲಿಸಲು ಎದುರಿಗೆ ಇನ್ನಷ್ಟು ಚಪ್ಪಟೆ ಕೇಳುತ್ತದೆ. ನೆಲ ಕೊಡದಿದ್ದರೆ ಯಂತ್ರ ಕೊಡುತ್ತದೆ. ಕಡಿದ ಮಣ್ಣನ್ನು ಎದುರಿಗೆ ತುಂಬಿಸುತ್ತೇವೆ, ಅಲ್ಲಿಗೆ ಅರ್ಧ ಮನೆ ಗಟ್ಟಿ ನೆಲದ ಮೇಲೆ, ಅರ್ಧ ಮನೆ ತುಂಬಿದ ಮಣ್ಣಿನ ಮೇಲೆ. ಹಿಂದೆ ಕಣಿಗೆ ಜಾಗ ಉಳಿಯುವುದಿಲ್ಲ. ಉಳಿದ ಎರಡಡಿಗೆ ಶೀಟು ಹಾಕಿ ಕಟ್ಟಿಗೆ ಪೇರಿಸುತ್ತೇವೆ.

2018ರ ಆಗಸ್ಟಿನಲ್ಲಿ ಜೋಡುಪಾಲ, ಮೊಣ್ಣಂಗೇರಿ ಕಡೆ ಬೆಟ್ಟಗಳೇ ಜರಿದು ಬಂದವು. ಹೆದ್ದಾರಿ ಕಡಿದುಹೋಯಿತು, ಮನೆ ಕಳೆದುಕೊಂಡವರು ಉಟ್ಟ ಬಟ್ಟೆಯಲ್ಲಿ ಘಾಟಿ ಇಳಿದು ಬಂದು ಕಲ್ಲುಗುಂಡಿ, ಅರಂತೋಡಿನ ಪರಿಹಾರ ಕೇಂದ್ರಗಳಲ್ಲಿ ಮಲಗಿದರು. ಅವರಿಗೆ ಚಾಪೆ, ಗಂಜಿ ಕೊಟ್ಟ ಊರು ನಮ್ಮದು ಎಂಬ ಹೆಮ್ಮೆ ಈಗಲೂ ನಮಗಿದೆ. ಬೆಟ್ಟವೇ ಬಂದಾಗ ಹಂಚಿನ ಮನೆ, ತಾರಸಿ ಮನೆ ಎಂಬ ಭೇದ ಉಳಿಯಲಿಲ್ಲ ಎಂಬುದನ್ನೂ ಹೇಳಬೇಕು. ಆದರೆ ಆಮೇಲೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಪರಿಶೀಲಿಸಿದಾಗ, ಅತಿಯಾದ ಮಳೆಯ ಜೊತೆಗೆ, ಮನೆ ಮತ್ತು ರಸ್ತೆಗಳಿಗಾಗಿ ಇಳಿಜಾರನ್ನು ಸಿಕ್ಕಾಪಟ್ಟೆ ಕಡಿದದ್ದನ್ನೂ ಕಾರಣವಾಗಿ ಗುರುತಿಸಿತು. ಈ ವರದಿಯ ಬಳಿಕ ಕೊಡಗಿನಲ್ಲಿ ಒಂದಿಷ್ಟು ಚರ್ಚೆಯಾಯಿತು. ಸಂಪಾಜೆ ಎರಡಿವೆ ಎಂಬುದು ಹೊರಗಿನವರಿಗೆ ತಿಳಿದಿರಲಿಕ್ಕಿಲ್ಲ: ಒಂದು ಕೊಡಗು ಸಂಪಾಜೆ, ಇನ್ನೊಂದು ದಕ್ಷಿಣ ಕನ್ನಡದ ಸಂಪಾಜೆ. ಕಲ್ಲುಗುಂಡಿ ಎರಡನೆಯದರಲ್ಲಿದೆ. ಗುಡ್ಡೆ ಒಂದೇ, ಹೊಳೆ ಒಂದೇ, ಮಣ್ಣು ಒಂದೇ. ಜಿಲ್ಲಾಧಿಕಾರಿ ಮಾತ್ರ ಇಬ್ಬರು. ಗೇಟಿನ ಆಚೆಯ ಎಚ್ಚರಿಕೆ ಗೇಟು ದಾಟಿ ಈಚೆಗೆ ಬರಲಿಲ್ಲ.

2022ರಲ್ಲಿ ಪಾಠ ನಮ್ಮ ಬಾಗಿಲಿಗೇ ಬಂತು. ಜೂನ್ ಕೊನೆಯಿಂದ ಜುಲೈವರೆಗೆ ಚೆಂಬು ಗ್ರಾಮದ ಸುತ್ತ ಕೇಂದ್ರವಿದ್ದ ಸಣ್ಣ ಭೂಕಂಪಗಳು ಮತ್ತೆ ಮತ್ತೆ ಆದವು. ತೀವ್ರತೆ ಮೂರರ ಆಸುಪಾಸಿನದು, ಸಣ್ಣದೇ. ಆದರೂ ಬೆಳಗಿನ ಹೊತ್ತು ಪಾತ್ರೆಗಳು ಗಡಗಡ ಅಂದಾಗ ಅಂಗಳಕ್ಕೆ ಓಡದವರಿಲ್ಲ. ಹಳೆಯ ಮುರಕಲ್ಲಿನ ಗೋಡೆಗಳಲ್ಲಿ ಬಿರುಕು ಕಂಡಿತು. ಇಲ್ಲಿ ಕಾಂಕ್ರೀಟಿನ ಉಪಯೋಗವನ್ನು ನಾನು ಒಪ್ಪುತ್ತೇನೆ: ಬಾಗಿಲು ಕಿಟಕಿಗಳ ಮೇಲೆ ಇಡೀ ಮನೆಯನ್ನು ಸುತ್ತುವ ಒಂದು ಕಾಂಕ್ರೀಟಿನ ಪಟ್ಟಿ ಇದ್ದರೆ ಕಲ್ಲಿನ ಗೋಡೆ ಒಂದಾಗಿ ನಿಲ್ಲುತ್ತದೆ. ಹಳೆಯ ಮನೆಗೆ ಅದು ಇರಲಿಲ್ಲ. ಆ ನಡುಕ ಮುಗಿಯುತ್ತಿದ್ದಂತೆ ಆಗಸ್ಟಿನ ಮೊದಲ ವಾರ ಪಯಸ್ವಿನಿ ಉಕ್ಕಿ ಕಲ್ಲುಗುಂಡಿ ಪೇಟೆಗೆ ನುಗ್ಗಿತು. ಅಂಗಡಿಗಳ ಅಕ್ಕಿ ಮೂಟೆ, ಗೊಬ್ಬರ, ಔಷಧ, ಮನೆಗಳ ಹಾಸಿಗೆ, ಮಕ್ಕಳ ಪುಸ್ತಕ ಎಲ್ಲ ಕೆಸರು. ಹಳಬರು, ಹೊಳೆ ಅದರ ಜಾಗಕ್ಕೆ ಬಂತು ಎಂದರು. ಹೊಳೆಯ ಬದಿಯ ಗದ್ದೆಗಳು ಮೊದಲು ವರ್ಷಕ್ಕೊಮ್ಮೆ ನೀರು ಕುಡಿದು ಇಳಿಸುತ್ತಿದ್ದವು. ಗದ್ದೆಗೆ ಮಣ್ಣು ತುಂಬಿಸಿ ಕಟ್ಟಿದ ಮೇಲೆ ಆ ನೀರಿಗೆ ಉಳಿದ ದಾರಿ ಪೇಟೆಯೇ. ಹೆದ್ದಾರಿ ಎತ್ತರವಾಗುತ್ತಾ ಹೋದಂತೆ ಅಂಗಡಿಗಳು ತಗ್ಗಿಗೆ ಇಳಿದಂತಾಯಿತು. ಹೆದ್ದಾರಿಗೆ ಮುಖ ಮಾಡಿ, ಹೊಳೆಗೆ ಬೆನ್ನು ಮಾಡಿ ಕಟ್ಟಿದ ಪೇಟೆ ನಮ್ಮದು. ಬೆನ್ನಿಗೆ ಬಾಗಿಲಿಲ್ಲ, ಕಣ್ಣಿಲ್ಲ. ಬರುವ ನೀರನ್ನು ನೋಡುವ ಕಿಟಕಿಯೂ ಇಲ್ಲ. ಹಳೆಯ ಮನೆಗಳ ಎತ್ತರದ ಪಂಚಾಂಗ, ಅದರ ಸುತ್ತಿನ ಮೆಟ್ಟಿಲು ನಮಗೆ ಅಜ್ಜಂದಿರ ಠೀವಿಯಂತೆ ಕಂಡಿತ್ತು. ಅದು ಹೊಳೆಯ ಅಳತೆಯಾಗಿತ್ತು.

ಇದಕ್ಕೆ ಬರುವ ಉತ್ತರ ನನಗೆ ಗೊತ್ತಿದೆ. "ಒಂದು ಲಕ್ಷ ಇಪ್ಪತ್ತು ಸಾವಿರಕ್ಕೆ ಇದನ್ನೆಲ್ಲ ಯಾರು ಮಾಡುತ್ತಾರೆ ಮಾಷ್ಟ್ರೇ? ಪರಂಪರೆ ಶ್ರೀಮಂತರ ಚಟ." ಕೊನೆಯ ಮಾತು ಅರ್ಧ ಸತ್ಯ. ಪರಂಪರೆಯ ವೇಷ ಶ್ರೀಮಂತರ ಚಟ. ಕಡಿಮೆ ಖರ್ಚಿನಲ್ಲಿ ಮಳೆಗೆ ತಕ್ಕ ಮನೆ ಕಟ್ಟುವುದು ಸಾಧ್ಯವೆಂದು ತೋರಿಸಿದವರು ನಮ್ಮ ಪಕ್ಕದಲ್ಲೇ ಇದ್ದರು. ತಿರುವನಂತಪುರದಲ್ಲಿ ಲಾರಿ ಬೇಕರ್ ಸಾವಿರಾರು ಜನರಿಗೆ ಮನೆ ಕಟ್ಟಿಕೊಟ್ಟರು. ಕಾಂಕ್ರೀಟು ಚಪ್ಪಡಿಯ ಕೆಳಭಾಗದಲ್ಲಿ, ಕಾಂಕ್ರೀಟಿಗೆ ಕೆಲಸವೇ ಇಲ್ಲದ ಕಡೆ, ಒಡಕು ಮಂಗಳೂರು ಹಂಚನ್ನೇ ಇಟ್ಟು ಸಿಮೆಂಟು, ಭಾರ ಎರಡನ್ನೂ ಉಳಿಸಿದರು. ಅದನ್ನು ಇಳಿಜಾರಾಗಿಯೂ ಹಾಕಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ಆರಂಭಿಸಿದ ಅಸ್ತ್ರ, ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ ಕೈಯಂತ್ರದಲ್ಲಿ ಒತ್ತಿ ಸುಡದೇ ಮಾಡುವ ಇಟ್ಟಿಗೆಯನ್ನು ರೂಪಿಸಿತು, ಕೆ.ಎಸ್. ಜಗದೀಶ್ ಅಂಥವರು ದಶಕಗಟ್ಟಲೆ ಅದರ ಹಿಂದೆ ದುಡಿದರು. ನಮಗಂತೂ ಇಟ್ಟಿಗೆಯೂ ಬೇಕಿಲ್ಲ, ನೆಲದೊಳಗೇ ಮುರಕಲ್ಲಿದೆ. ಕಡಿಯುವಾಗ ಮೆತ್ತಗೆ, ಗಾಳಿಗೆ ಒಡ್ಡಿದಂತೆ ಗಟ್ಟಿ. 1807ರಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ಇಂಗ್ಲಿಷರ ನೌಕರ ಅದಕ್ಕೆ ಲ್ಯಾಟಿನ್ನಿನಲ್ಲಿ ಇಟ್ಟಿಗೆ ಎಂಬ ಅರ್ಥ ಬರುವಂತೆ ಲ್ಯಾಟರೈಟ್ ಎಂದು ಹೆಸರಿಟ್ಟ. ಹೆಸರು ಲೋಕಕ್ಕೆಲ್ಲ ಹೋಯಿತು. ನಾವು ಆ ಕಲ್ಲಿನ ಮೇಲೆ ಸಿಮೆಂಟು ಬಳಿದು, ಅದರ ಮೇಲೆ ಕಲ್ಲಿನ ಹಾಗೆ ಗೆರೆ ಎಳೆದು ಬಣ್ಣ ಹೊಡೆಯುತ್ತೇವೆ!

ಬೇಕರ್ ಆಗಲಿ ಅಸ್ತ್ರ ಆಗಲಿ ನಮ್ಮ ಮನೆಗಳಿಗೆ ಯಾಕೆ ಬರಲಿಲ್ಲ ಎಂದರೆ, ಜನ ಬೇಡವೆಂದರು ಎನ್ನುತ್ತಾರೆ. ಜನರ ಮುಂದೆ ಯಾರು ಇಟ್ಟಿದ್ದರು? ಮೇಸ್ತ್ರಿಗೆ ತಾರಸಿಯ ಸೆಂಟ್ರಿಂಗ್ ಗೊತ್ತು, ಬೇರೆಯದನ್ನು ಯಾರೂ ಕಲಿಸಲಿಲ್ಲ. ಬ್ಯಾಂಕಿನ ಸಾಲಕ್ಕೆ ತಾರಸಿ ಮನೆಯ ಎಸ್ಟಿಮೇಟು ಸಲೀಸು. ಮದುವೆಗೆ ಹುಡುಗಿ ನೋಡಲು ಬಂದವರು ಮೊದಲು ಮಾಡು ನೋಡುತ್ತಾರೆ. ಜನರ ಇಷ್ಟ ಎನ್ನುವುದು ಇಷ್ಟೆಲ್ಲ ಸೇರಿ ಆದದ್ದು.

ಇನ್ನೊಂದು ಬದಲಾವಣೆಯನ್ನು ನಮ್ಮ ಯಾವ ನಕ್ಷೆಯೂ ಗಮನಿಸಿಲ್ಲ. ಸುಳ್ಯ ಓದಿನ ಪೇಟೆಯಾಯಿತು, ಓದಿದ ಮಕ್ಕಳು ಬೆಂಗಳೂರಿಗೋ ಕೊಲ್ಲಿಗೋ ಹೋದರು, ಅಲ್ಲಿಂದ ದುಡ್ಡು ಕಳಿಸಿ ಇಲ್ಲಿ ಎರಡು ಮಾಳಿಗೆಯ ಮನೆ ಕಟ್ಟಿಸಿದರು. ಅದರಲ್ಲಿ ಇರುವುದು ಎಪ್ಪತ್ತು ದಾಟಿದ ಇಬ್ಬರು. ಮೇಲಿನ ಮಾಳಿಗೆಗೆ ಹತ್ತಲು ಅವರ ಮೊಣಕಾಲು ಒಪ್ಪುವುದಿಲ್ಲ. ನಾಲ್ಕು ಕೋಣೆಗೆ ಬೀಗ, ನಾಲ್ಕು ಮೂಲೆಗೆ ಕ್ಯಾಮೆರಾ. ಮಗ ಬೆಂಗಳೂರಿನಲ್ಲಿ ಕೂತು ಅಪ್ಪ ಅಂಗಳದಲ್ಲಿ ನಡೆಯುವುದನ್ನು ಫೋನಿನಲ್ಲಿ ನೋಡುತ್ತಾನೆ. ಇಪ್ಪತ್ತು ಜನರ ಐನ್‌ಮನೆ ಹಳತಾಯಿತು ಎಂದು ಬಿಟ್ಟೆವು, ಸರಿ. ಆದರೆ ಇಬ್ಬರಿಗೆ, ವಯಸ್ಸಾದವರಿಗೆ, ಒಂದೇ ನೆಲದಲ್ಲಿ, ಒಂದಿಷ್ಟು ಜಗಲಿ ಇರುವ, ದಾರಿಯಲ್ಲಿ ಹೋಗುವವರು "ಉಂಡಾಯಿತಾ?" ಎಂದು ಕೇಳುವಷ್ಟು ತೆರೆದಿರುವ ಮನೆಯನ್ನು ಯಾರೂ ಬರೆದುಕೊಡಲಿಲ್ಲ. ಜಗಲಿಯ ಜಾಗಕ್ಕೆ ಬಂದದ್ದು ಪೋರ್ಟಿಕೋ, ಅಲ್ಲಿ ಕೂರುವುದು ಕಾರು.

ವಾಸ್ತುಶಿಲ್ಪ, ಸಿವಿಲ್ ಎಂಜಿನಿಯರಿಂಗ್ ಓದುತ್ತಿರುವವರು ಇದನ್ನು ಓದುತ್ತಿದ್ದರೆ ಅವರಿಗೆ ಒಂದು ಮಾತು. ನನ್ನ ಮನೆಗೆಂದು ಬರೆಸಿದ ನಕ್ಷೆ ಈಗಲೂ ನನ್ನ ಕಪಾಟಿನಲ್ಲಿದೆ. ಬರೆದವರು ಜಾಗಕ್ಕೆ ಬಂದಿರಲಿಲ್ಲ; ನಮೂನೆ 9 ಮತ್ತು 11ರ ಪ್ರತಿ, ಉದ್ದ ಅಗಲದ ಅಳತೆ ವಾಟ್ಸಾಪಿನಲ್ಲಿ ಕಳಿಸಿ ಎಂದಿದ್ದರು. ನಕ್ಷೆ ಅಂದವಾಗಿದೆ. ಅಡ್ಡಕೊಯ್ತದ ಚಿತ್ರದಲ್ಲಿ ತಳಪಾಯ ಇದೆ, ಗೋಡೆ ಇದೆ, ಚಪ್ಪಡಿಯ ದಪ್ಪ ಇದೆ. ಮನೆಯ ಕೆಳಗೆ ಎಡದಿಂದ ಬಲಕ್ಕೆ ಸ್ಕೇಲಿಟ್ಟು ಎಳೆದ ಒಂದು ನೇರ ಗೆರೆ ಇದೆ. ಅದು ನೆಲವಂತೆ. ನನ್ನ ಜಾಗದಲ್ಲಿ ಅಂಥ ಗೆರೆ ಎಲ್ಲಿಯೂ ಇಲ್ಲ. ಹಿಂದಿನ ಅಂಚಿಗೂ ಮುಂದಿನ ಅಂಚಿಗೂ ಹನ್ನೊಂದು ಅಡಿ ವ್ಯತ್ಯಾಸವಿದೆ. ಆಮೇಲೆ ನಾನು ಕುತೂಹಲಕ್ಕೆ ನೆರೆಹೊರೆಯವರ ನಕ್ಷೆಗಳನ್ನೂ ಕೇಳಿ ನೋಡಿದೆ. ಗುಡ್ಡೆಯ ಮೇಲಿನ ಮನೆಗೂ, ತೋಡಿನ ಬದಿಯ ಮನೆಗೂ, ಗದ್ದೆ ತುಂಬಿಸಿ ಕಟ್ಟಿದ ಮನೆಗೂ ಅದೇ ನೇರ ಗೆರೆ. ಆ ಗೆರೆಗೇ ಪರವಾನಗಿಯ ಸೀಲು ಬಿದ್ದಿದೆ.

ಬರುವ ಗ್ರಾಮಸಭೆಯಲ್ಲಿ ನಾನು ಕೇಳಬೇಕೆಂದಿರುವುದು ಇಷ್ಟೇ. ಮನೆಯ ಅರ್ಜಿಯ ಜೊತೆ ಕೊಡುವ ನಕ್ಷೆಯಲ್ಲಿ ನೆಲ ಇದ್ದ ಹಾಗೆ ಇರಬೇಕು. ಹಿಂದಿನ ಬರೆ ಎಷ್ಟು ಎತ್ತರ, ಗೋಡೆಗೂ ಅದಕ್ಕೂ ಎಷ್ಟು ದೂರ, ಕಣಿ ಎಲ್ಲಿ, ಮಾಡಿನ ನೀರು ಯಾವ ದಾರಿಯಲ್ಲಿ ತೋಡಿಗೆ ಹೋಗುತ್ತದೆ, 2022ರಲ್ಲಿ ನೀರು ಬಂದ ಗುರುತು ಎಲ್ಲಿದೆ, ಇಷ್ಟನ್ನು ಬರೆಯದ ನಕ್ಷೆಗೆ ಸೀಲು ಹಾಕಬಾರದು. ಆವಾಸ್ ಮನೆ ಕೊಡುವಾಗ ಇಳಿಜಾರು ಮಾಡು, ಎರಡಡಿ ಸೂರು, ಅಡಿಕೆ ಒಣಗಿಸುವ ಜಾಗ ಇರುವ ಒಂದೆರಡು ಮಾದರಿಗಳನ್ನಾದರೂ ಜನರ ಮುಂದಿಡಬೇಕು. ಹಾಗೆ ಮಾಡಿದರೆ ಖರ್ಚು ಜಾಸ್ತಿಯಾಗುತ್ತದೆ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಅವರಿಗೆ ಕೊಡಲು ನಮ್ಮ ವೆಲ್ಡಿಂಗ್ ಅಂಗಡಿಯವನ ಬಳಿ ತಾರಸಿಯ ಮೇಲೆ ಶೀಟು ಹಾಕಿದ್ದಕ್ಕೆ ಹೋದ ವರ್ಷದ ಬಿಲ್ಲುಗಳ ಒಂದು ಕಟ್ಟಿದೆ, ಅದನ್ನು ಕೇಳಿ ಇಟ್ಟುಕೊಂಡಿದ್ದೇನೆ.